ಗೋಡೆಯ ಹೊರಗಿನ ನೆರೆಯವರು

ಅಪಾಚೆ ಎಂದರೆ ನಮ್ಮ ಮನೆಯ ಹುಡುಗರಿಗೆ ಒಂದು ಮೋಟಾರ್ ಬೈಕು; ಅವರ ಅಜ್ಜಂದಿರಿಗೆ, ಹಾಲಿವುಡ್ ಚಿತ್ರಗಳಲ್ಲಿ ಕುದುರೆಯೇರಿ ಕೂಗುತ್ತ ಬಂದು ಗುಂಡಿಗೆ ಉರುಳುವ ಮನುಷ್ಯ. ಅವನಿಗೆ ಕುದುರೆ ಎಲ್ಲಿಂದ ಬಂತು, ಅವನ ಸಿಟ್ಟಿಗೆ ಕಾರಣವೇನು ಎಂದು ಆ ಚಿತ್ರಗಳು ಕೇಳುವುದಿಲ್ಲ. ಕೇಳಿದ ಪುಸ್ತಕವೊಂದಿದೆ: ಜ್ಯಾಕ್ ಫೋರ್ಬ್ಸ್ ಅವರ 'ಅಪಾಚೆ, ನವಾಹೊ ಆ್ಯಂಡ್ ಸ್ಪ್ಯಾನಿಯರ್ಡ್'. 1960ರಲ್ಲಿ ಓಕ್ಲಹೋಮ ವಿಶ್ವವಿದ್ಯಾಲಯ ಪ್ರಕಟಿಸಿದ ಈ ಗ್ರಂಥದ ಕರ್ತೃ ಅಮೆರಿಕದ ಮೂಲನಿವಾಸಿಗಳ ವಂಶದವರೇ.

ಇಂದಿನ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಮಣ್ಣು, ಕಲ್ಲಿನ ಮಹಡಿಮನೆಗಳ ಊರು ಕಟ್ಟಿ ಮುಸುಕಿನ ಜೋಳ ಬೆಳೆಯುತ್ತಿದ್ದವರು ಪ್ಯುಯೆಬ್ಲೊ ಜನ. ಅವರ ಸುತ್ತಮುತ್ತ ಬೇಟೆಯಾಡುತ್ತ ಅಲೆಯುತ್ತಿದ್ದವು ಅಪಾಚೆ ಪಂಗಡಗಳು. ಬೇಸಾಯವನ್ನೂ ಕಲಿತ ನವಾಹೊಗಳು ಇವರದೇ ಭಾಷಾ ಬಳಗ. ನಾಯಿಗಳ ಮೇಲೆ ಗುಡಾರ ಹೇರಿಕೊಂಡು ಕಾಡೆಮ್ಮೆಗಳ ಹಿಂದೆ ನಡೆಯುತ್ತಿದ್ದ ಈ ಜನರನ್ನು 1541ರಲ್ಲಿ ಕೊರೊನಾಡೊ ಕಂಡಾಗ, ಸಾಧು ಜನರೆಂದೇ ಅವನ ಸಂಗಡಿಗರು ಬರೆದಿಟ್ಟರು.

ಹಾಗಿದ್ದವರು ದರೋಡೆಗಾರರಾದದ್ದು ಹೇಗೆ? ಫೋರ್ಬ್ಸ್ ಕೊಡುವ ಉತ್ತರ ಲೆಕ್ಕದ ಪುಸ್ತಕದಷ್ಟು ಸರಳವಾಗಿದೆ. ಅಪಾಚೆಗಳು ಚರ್ಮ, ಒಣಮಾಂಸ, ಕೊಬ್ಬು ತಂದು ಪ್ಯುಯೆಬ್ಲೊ ಊರುಗಳಿಂದ ಜೋಳ, ಬಟ್ಟೆ ಒಯ್ಯುತ್ತಿದ್ದರು. 1598ರಲ್ಲಿ ಓನ್ಯಾತೆ ವಸಾಹತು ಹೂಡಿದ ಮೇಲೆ ಅದೇ ಜೋಳ, ಅದೇ ಬಟ್ಟೆ ಸ್ಪೇನಿನವರ ಕಪ್ಪವಾಯಿತು. ಕಣಜ ಬರಿದಾದರೆ ವಿನಿಮಯಕ್ಕೆ ಉಳಿಯುವುದೇನು? ಕೊಟ್ಟು ಒಯ್ಯುತ್ತಿದ್ದವರು ಕಸಿದು ಒಯ್ಯತೊಡಗಿದರು. ಇದರ ಮೇಲೆ ಗುಲಾಮರ ವ್ಯಾಪಾರ. ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಬಾರದೆಂದು ಸ್ಪೇನಿನ ರಾಜಶಾಸನ 1542ರಲ್ಲೇ ಹೇಳಿತ್ತು. ಆದರೂ 'ನ್ಯಾಯಯುದ್ಧ'ದಲ್ಲಿ ಸೆರೆಸಿಕ್ಕವರೆಂಬ ನೆಪದಲ್ಲಿ ಅಪಾಚೆ ಹೆಂಗಸರನ್ನೂ ಮಕ್ಕಳನ್ನೂ ದಕ್ಷಿಣದ ಗಣಿ ಪಟ್ಟಣಗಳಿಗೆ ಮಾರಲಾಯಿತು. ಗವರ್ನರುಗಳೇ ಇದರಲ್ಲಿ ಲಾಭ ಕಂಡರು. ಶಾಂತಿಯಿದ್ದರೆ ಅವರಿಗೆ ಸರಕಿಲ್ಲ!

ಇದನ್ನು ಸಾಧಿಸಲು ಲೇಖಕರು ಬಳಸಿದ್ದು ಹೆಚ್ಚಾಗಿ ಸ್ಪೇನಿನವರದೇ ಕಾಗದಪತ್ರ. ಗವರ್ನರುಗಳೂ ಪಾದ್ರಿಗಳೂ ಒಬ್ಬರ ಮೇಲೊಬ್ಬರು ದೂರು ಬರೆದುಕೊಂಡದ್ದರಿಂದ ಎಷ್ಟೋ ಗುಟ್ಟು ಹೊರಬಿದ್ದಿದೆ. (ಮನೆಜಗಳ ಚರಿತ್ರೆಕಾರನಿಗೆ ಮಾಡುವ ಉಪಕಾರ ಸಣ್ಣದಲ್ಲ.) 1680ರ ಆಗಸ್ಟ್‌ನಲ್ಲಿ ಪ್ಯುಯೆಬ್ಲೊ ಜನ ದಂಗೆಯೆದ್ದು 21 ಪಾದ್ರಿಗಳನ್ನೂ ಸುಮಾರು 400 ವಸಾಹತುಗಾರರನ್ನೂ ಕೊಂದು ಉಳಿದವರನ್ನು ಓಡಿಸಿದಾಗ ಅಪಾಚೆಗಳೂ ಜೊತೆಗಿದ್ದುದನ್ನು ಫೋರ್ಬ್ಸ್ ಒತ್ತಿ ಹೇಳುತ್ತಾರೆ. ಹುಟ್ಟುಶತ್ರುಗಳಾಗಿದ್ದರೆ ಹೀಗೆ ಕೈಜೋಡಿಸುತ್ತಿದ್ದರೇ ಎಂಬ ಅವರ ವಾದ ನಮಗೆ ಒಪ್ಪಿಗೆ.

ಒಪ್ಪಿಗೆಯಾಗದ್ದು, ಸ್ಪೇನಿನವರು ಬರುವ ಮುಂಚೆ ಅಲ್ಲಿ ಹೆಚ್ಚುಕಡಿಮೆ ರಾಮರಾಜ್ಯವಿತ್ತೆಂಬ ಧ್ವನಿ. ಕೊರೊನಾಡೊ ದಂಡಿನಲ್ಲಿದ್ದ ಕಾಸ್ತಾನ್ಯೆದಾ ಬರೆದಿಟ್ಟ ಸಂಗತಿಯೊಂದಿದೆ. ತೆಯ ಎಂಬ ಬಯಲುಜನ ಕೆಲವು ವರ್ಷಗಳ ಹಿಂದೆ ಪೆಕೋಸ್ ಊರಿಗೆ ಮುತ್ತಿಗೆ ಹಾಕಿದ್ದರು. ಆಮೇಲೆ ರಾಜಿಯಾಗಿ ಚಳಿಗಾಲದಲ್ಲಿ ಆ ಊರಿನ ಗೋಡೆಯ ಬುಡದಲ್ಲೇ ತಂಗುತ್ತಿದ್ದರು. ಹಗಲು ವ್ಯಾಪಾರ ನಡೆಯುತ್ತಿತ್ತು, ರಾತ್ರಿ ಒಳಗೆ ಬಿಡುತ್ತಿರಲಿಲ್ಲ. ಈ ತೆಯರು ಯಾವ ಕುಲದವರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ನಿಜ. ಆದರೂ ಆ ನೆರೆಹೊರೆ ಪ್ರೀತಿಯದಲ್ಲ, ಅಗತ್ಯದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ? ಬರಗಾಲದ ಪಾತ್ರವನ್ನೂ ಲೇಖಕರು ಇನ್ನಷ್ಟು ತೂಗಿ ನೋಡಬೇಕಿತ್ತು. 1668ರಲ್ಲಿ ಉಮಾನಾಸ್ ಎಂಬ ಒಂದೇ ಊರಿನಲ್ಲಿ 450ಕ್ಕೂ ಹೆಚ್ಚು ಮಂದಿ ಹಸಿವಿನಿಂದ ಸತ್ತರೆಂದು ಪಾದ್ರಿಯೊಬ್ಬರು ವರದಿ ಮಾಡಿದ್ದಾರೆ. ಅಷ್ಟು ಹಸಿದ ನಾಡಿನಲ್ಲಿ ಲೂಟಿಗೆ ಒಂದೇ ಕಾರಣ ಹುಡುಕುವುದು ಕಷ್ಟ.

ನವಾಹೊಗಳು ತಮ್ಮನ್ನು ತಾವು ದಿನೇ ಎಂದು ಕರೆದುಕೊಳ್ಳುತ್ತಾರೆ. ಅವರ ಬಾಯಿಂದ ಬಂದ ಸಾಕ್ಷ್ಯಕ್ಕೆ ಈ ಪುಸ್ತಕದಲ್ಲಿ ಸಿಕ್ಕ ಜಾಗ ಕಡಿಮೆ. 1692ರಲ್ಲಿ ಸ್ಪೇನಿನವರು ಮರಳಿ ಬಂದು, 1696ರ ಎರಡನೆಯ ದಂಗೆಯನ್ನೂ ಅಡಗಿಸಿದ ಕಾಲಕ್ಕೆ ಪ್ಯುಯೆಬ್ಲೊ ಸಂಸಾರಗಳು ಊರು ಬಿಟ್ಟು ನವಾಹೊಗಳಲ್ಲಿ ಆಶ್ರಯ ಪಡೆದವು. ನಮ್ಮ ಕರಾವಳಿಯವರ ಬಳಿಯಂತೆ ನವಾಹೊಗಳ ಬಳಿಯೂ ತಾಯಿಯ ಕಡೆಯಿಂದ ಬರುತ್ತದೆ. ಹೆಮೆಸ್ ಊರಿನಿಂದ ಬಂದವರದೆಂದು ಹೇಳಿಕೊಳ್ಳುವ ಬಳಿಯೊಂದು ಅವರಲ್ಲಿ ಇಂದಿಗೂ ಇದೆ.