ಹೋರಿ ಎತ್ತಾದಾಗ ಕ್ಲಾಸ್ ಏನಾಗುತ್ತದೆ?

ತೂಬಗೆರೆ ಹೋಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ವ್ಯಾಪಾರ ಕುದುರುವುದು ಟವೆಲಿನ ಅಡಿಯಲ್ಲಿ. ದಲ್ಲಾಳಿ ಮಾರುವವನ ಬೆರಳು ಅದುಮುತ್ತಾನೆ, ಅವನು ತಲೆ ಅಲ್ಲಾಡಿಸುತ್ತಾನೆ, ಮತ್ತೆ ಬೆರಳು. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಯಾರಿಗೂ ಕಾಣದು. ಎಷ್ಟಕ್ಕೆ ಇಳಿದಾನು ಎಂಬುದು ಮಾರುವವನ ಹೊಟ್ಟೆಯೊಳಗೇ ಇರುತ್ತದೆ. ಕೇಳಬಹುದು, ಕೈಹಾಕಿ ತಿದ್ದುವಂತಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನ ಜೀವಾಳ ನನಗೆ ಇಲ್ಲಿ ಕಂಡಷ್ಟು ನಿಚ್ಚಳವಾಗಿ ಯಾವ ಪಠ್ಯದಲ್ಲೂ ಕಂಡಿಲ್ಲ.

ನಮ್ಮ ತರಗತಿಗಳ ದಾರಿ ಬೇರೆ. ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರ್ಯಾಕ್ಷನ್, ಇನ್ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂದು ನಾಲ್ಕು ಕಂಬ ನೆಡುತ್ತೇವೆ. ಆಮೇಲೆ ‘ಅನಿಮಲ್’ ಎಂಬ ಕ್ಲಾಸ್, ಅದರಡಿ ‘ಡಾಗ್’, ‘ಕ್ಯಾಟ್’. ವೈವಾದಲ್ಲಿ ವ್ಯಾಖ್ಯೆ ಒಪ್ಪಿಸಿದರೆ ಅಂಕ. ನಾನೂ ಹೀಗೇ ಕಲಿತೆ, ಬಹುಕಾಲ ಹೀಗೇ ಕಲಿಸಿದೆ. ನಾಲ್ಕನ್ನೂ ಒಂದೇ ತೂಕಕ್ಕೆ ಹಾಕಿದ್ದೇ ಈ ಪರಂಪರೆಯ ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ.

ಬೇರಿನಲ್ಲೇ ಎರಡು ಕವಲಿವೆ. ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್, ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮ್ಯುಲಾ 67 ಕ್ಲಾಸನ್ನೂ ಉಪಕ್ಲಾಸನ್ನೂ ಕೊಟ್ಟಿತು. 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್‌ನಲ್ಲಿ ಸ್ಮಾಲ್‌ಟಾಕ್ ಕಟ್ಟಿದ ಅಲನ್ ಕೇ ಅವರ ಮನಸ್ಸಿನಲ್ಲಿದ್ದದ್ದು ಜೀವಕೋಶಗಳು: ಒಳಗನ್ನು ಮುಚ್ಚಿಟ್ಟುಕೊಂಡು ಒಂದಕ್ಕೊಂದು ಸಂದೇಶ ಕಳಿಸುವಂಥವು. ‘ಆಬ್ಜೆಕ್ಟ್’ ಎಂಬ ಹೆಸರೇ ಜನರ ಗಮನವನ್ನು ಸಂದೇಶದಿಂದ ಆಚೆ ಸೆಳೆಯಿತೆಂದು ಅವರು 1998ರಲ್ಲಿ ನೊಂದುಕೊಂಡರು. ಸಿ ಪ್ಲಸ್ ಪ್ಲಸ್ ಸಿಮ್ಯುಲಾದ ಕವಲು ಹಿಡಿಯಿತು. 1995ರಲ್ಲಿ ಬಂದ ಜಾವಾ ಅದನ್ನು ಬೆಂಗಳೂರಿನ ತರಬೇತಿ ಕೇಂದ್ರಗಳವರೆಗೆ ತಂದಿತು. ನಮ್ಮ ಕೈಗೆ ಬಂದದ್ದು ವಂಶವೃಕ್ಷ.

ಅದು ಎಲ್ಲಿ ಮುರಿಯುತ್ತದೆಂದು ತಿಳಿಯಲು ಅದೇ ಜಾತ್ರೆಗೆ ಹೋಗಬೇಕು. ಹಳ್ಳಿಕಾರ್ ಕರು ಬೆಳೆದು ಹೋರಿಯಾಗುತ್ತದೆ, ಬೀಜ ಒಡೆಸಿದ ಮೇಲೆ ಎತ್ತಾಗುತ್ತದೆ. ಪ್ರಾಣಿ ಅದೇ, ಮೈಮೇಲಿನ ಸುಳಿ ಅದೇ, ಮನೆಯವರು ಕರೆಯುವ ಹೆಸರೂ ಅದೇ. ಜಾವಾದಲ್ಲಿ ‘ಹೋರಿ’ ಕ್ಲಾಸಿನಲ್ಲಿ ಹುಟ್ಟಿದ್ದು ಕೊನೆಯವರೆಗೂ ಹೋರಿಯೇ. ಎತ್ತು ಬೇಕಾದರೆ ಹೊಸದನ್ನು ಸೃಷ್ಟಿಸಿ ವಿವರವನ್ನೆಲ್ಲ ನಕಲು ಮಾಡಬೇಕು, ಹಳೆಯದನ್ನು ಹಿಡಿದುಕೊಂಡಿರುವ ಕೋಡನ್ನು ಮೂಲೆಮೂಲೆ ಹುಡುಕಿ ತಿದ್ದಬೇಕು. ಎತ್ತನ್ನು ಹೋರಿಯ ಉಪಕ್ಲಾಸ್ ಮಾಡಿದರೆ ಇನ್ನೂ ಪಜೀತಿ: ಬೆದೆಗೆ ಬಂದ ಹಸುವಿನ ಮುಂದೆ ಎತ್ತನ್ನು ತಂದು ನಿಲ್ಲಿಸಿದಂತೆ. ಮೂಲ ಕ್ಲಾಸ್ ನಿಲ್ಲುವ ಕಡೆಯೆಲ್ಲ ಉಪಕ್ಲಾಸೂ ನಿಲ್ಲುವಂತಿರಬೇಕೆಂದು ಬಾರ್ಬರಾ ಲಿಸ್ಕೋವ್ 1987ರಲ್ಲೇ ಹೇಳಿದ್ದರು.

ಕೊಳ್ಳಲು ಬಂದ ರೈತ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೊಗಕ್ಕೆ ಪಳಗಿದೆಯೇ ನೋಡುತ್ತಾನೆ. ಈ ವರ್ಷ ಎರಡು ಹಲ್ಲಿನದು ಮುಂದೆ ನಾಲ್ಕು ಹಲ್ಲಿನದಾಗುತ್ತದೆ. ಅದಕ್ಕಾಗಿ ಯಾರೂ ಬೇರೆ ಜಾತಿ ಹುಟ್ಟಿಸುವುದಿಲ್ಲ. ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ 1994ರ ‘ಡಿಸೈನ್ ಪ್ಯಾಟರ್ನ್ಸ್’ನಲ್ಲಿ ಇನ್ಹೆರಿಟೆನ್ಸಿಗಿಂತ ಬಿಡಿಭಾಗಗಳ ಜೋಡಣೆ (ಕಾಂಪೊಸಿಷನ್) ಮೇಲು ಎಂದದ್ದು ಇದೇ ತಿಳಿವಳಿಕೆಯಿಂದ. ಪಾಲಿಮಾರ್ಫಿಸಂಗೂ ವಂಶ ಬೇಕಿಲ್ಲ. ಗಾಡಿಗೆ ಎತ್ತು ಕಟ್ಟಿದರೂ ಕೋಣ ಕಟ್ಟಿದರೂ ನಡೆ ಎಂದರೆ ಎರಡೂ ತಮ್ಮ ತಮ್ಮ ನಡಿಗೆಯಲ್ಲಿ ಎಳೆಯುತ್ತವೆ, ಇಂಟರ್‌ಫೇಸ್ ಸಾಕು.

ಇನ್ಹೆರಿಟೆನ್ಸ್ ದಂಡವೆಂದು ನಾನು ಹೇಳಲಾರೆ. ಪರದೆಯ ಮೇಲಿನ ಕಿಟಕಿ, ಗುಂಡಿ, ಮೆನುಗಳಂಥ ಕಡೆ ಅದು ಚೆನ್ನಾಗಿ ದುಡಿದಿದೆ. ಮೊದಲ ಪಾಠವಾಗಿ ಮಾತ್ರ ಅದು ಬೇಡ. ಈಗ ಮೊದಲ ದಿನ ನಾನು ತರಗತಿಗೆ ಒಂದು ಟವೆಲ್ ಒಯ್ಯುತ್ತೇನೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಕೈಗಳ ಮೇಲೆ ಹೊದಿಸಿ, ಬೆಲೆ ಕೇಳಲು ಹೇಳುತ್ತೇನೆ.