ಗೋಡೆಯ ಮೇಲಿನ ಪೋರ್ಚುಗೀಸರು

ವಿಜಯನಗರದ ಮಾತು ಬಂದರೆ ನಮ್ಮ ಭಾಷಣಕಾರರ ಬಾಯಲ್ಲಿ ಡೊಮಿಂಗೊ ಪಾಯಸ್‌ನ ಹೆಸರು ಬಾರದೆ ಇರುವುದಿಲ್ಲ. ಮುತ್ತುರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರೆಂದು ಅವನು ಬರೆದಿದ್ದಾನಂತೆ. ಅವನು ಹಾಗೆ ಬರೆದಿಲ್ಲ. ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು, ಬಟ್ಟೆ ಸಿಗುವ ವ್ಯಾಪಾರಿಗಳ ಬೀದಿಯೊಂದನ್ನು ಹೇಳುತ್ತಾನೆ. ಅಲ್ಲೇ ಸಂಜೆ ನೆರೆಯುವ ಸಂತೆಯಲ್ಲಿ ತಟ್ಟು ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಕಟ್ಟಿಗೆ ಮಾರುವುದನ್ನೂ ಹೇಳುತ್ತಾನೆ. ಬಳ್ಳವನ್ನು ಸೇರಿಸಿದವರು ನಾವು, ಕಟ್ಟಿಗೆಯನ್ನು ಕೈಬಿಟ್ಟವರೂ ನಾವೇ.

1520ರ ಸುಮಾರಿಗೆ ಬಂದ ಈ ಪೋರ್ಚುಗೀಸ ಪ್ರವಾಸಿಯ ಬರಹ 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಪಾಯಸ್ ನಮ್ಮ ವೈಭವದ ಸಾಕ್ಷಿಯಾಗಿಬಿಟ್ಟ. ಆದರೆ ವೈಭವವನ್ನು ಬಣ್ಣಿಸುವಾಗಲೇ ಅವನ ಬರವಣಿಗೆ ಸೊರಗುತ್ತದೆ. ಮಹಾನವಮಿಯ ಪುಟಗಳಲ್ಲಿ ಆನೆ, ಕುದುರೆ, ಒಡವೆಯ ಭಾರಕ್ಕೆ ತೋಳೆತ್ತಲಾಗದ ಹೆಂಗಸರು ಒಂದರ ಹಿಂದೊಂದು ಬರುತ್ತಾರೆ, ಒಬ್ಬರ ಮುಖವೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದೇ ಮನುಷ್ಯ ಆನೆಗೊಂದಿಯ ಕಡವಿನಲ್ಲಿ ನಿಂತಾಗ ಎಷ್ಟು ಚುರುಕಾಗುತ್ತಾನೆ! ಬುಟ್ಟಿಯ ಹಾಗೆ ದುಂಡಗಿನ ಹರಿಗೋಲು, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕಿದರೂ ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತದೆ. ಗಂಗಾವತಿ ಸೀಮೆಯಲ್ಲಿ ಹೊಳೆ ದಾಟಿದವರಿಗೆ ಇದರಲ್ಲಿ ತಿದ್ದುವಂಥದ್ದೇನೂ ಕಾಣುವುದಿಲ್ಲ.

ಅವನ ಬರಹದ ಅತಿ ದೊಡ್ಡ ಮಾತು ಮಾತ್ರ ಅರಮನೆಯ ಒಳಗಿದೆ. ಅದನ್ನು ಯಾರೂ ಉದ್ಧರಿಸುವುದಿಲ್ಲ. ದಂತದ ಕೋಣೆಯನ್ನು ನೋಡಿ ಬೆರಗಾದ ಮೇಲೆ, ಅದೇ ಮಗ್ಗುಲಲ್ಲಿ ಚಿತ್ರಗಳಿವೆ ಎನ್ನುತ್ತಾನೆ. ಈ ಊರಿಗೆ ಬಂದುಹೋದ ಜನರ ಬದುಕಿನ ರೀತಿಯನ್ನೆಲ್ಲ ಅಲ್ಲಿ ಬರೆದಿದ್ದಾರೆ, ಅದರಲ್ಲಿ ಪೋರ್ಚುಗೀಸರೂ ಇದ್ದಾರೆ. ಯಾರು ತಮ್ಮ ನಾಡಿನಲ್ಲಿ ಹೇಗೆ ಬಾಳುತ್ತಾರೆಂದು ರಾಣಿಯರಿಗೆ ತಿಳಿಯಲಿ ಎಂದು ಈ ಏರ್ಪಾಡು. ಕುರುಡರನ್ನು, ತಿರುಕರನ್ನು ಕೂಡ ಬಿಟ್ಟಿಲ್ಲ.

ಇಷ್ಟನ್ನು ಹೇಳಿ ಮುಂದೆ ಹೋಗಿಬಿಡುತ್ತಾನೆ. ಆ ಕುರುಡರು, ತಿರುಕರು ಪೋರ್ಚುಗಲ್ಲಿನವರೋ ಎಲ್ಲ ನಾಡಿನವರೋ, ವಾಕ್ಯದಿಂದ ತಿಳಿಯುವುದಿಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವೆ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಅಂದರೆ ಹೊಸ ಪರದೇಶಿಗಳು ಬಂದು ಹೆಚ್ಚು ಕಾಲವಾಗುವ ಮೊದಲೇ ಚಿತ್ರಗಾರರು ಅವರನ್ನು ಗೋಡೆಗೆ ತಂದಿದ್ದರು. ಹೊರಗೆ ಕಾಲಿಡದ ಹೆಂಗಸರಿಗಾಗಿ ಬರೆದ ಪ್ರವಾಸಕಥನವೇ ಅದು. ಪಾಯಸ್ ನಮ್ಮನ್ನು ಬರೆದುಕೊಳ್ಳುತ್ತಿದ್ದಾಗ, ನಮ್ಮವರು ಅವನ ಕಡೆಯವರನ್ನು ಆಗಲೇ ಬರೆದು ಮುಗಿಸಿದ್ದರು. ಚಿತ್ರದಲ್ಲಿ ತನ್ನವರು ಹೇಗೆ ಕಂಡರು? ಉಡುಪು ಸರಿಯಿತ್ತೇ? ನಕ್ಕನೇ, ಮುನಿದನೇ? ಒಂದು ಮಾತೂ ಇಲ್ಲ. ಅವನ ಕಣ್ಣು ಆಗಲೇ ಚಿನ್ನ ಹೊದಿಸಿದ ಸಿಂಹಾಸನಗಳಿಗೆ, ಬೆಳ್ಳಿಯ ಮಂಚಕ್ಕೆ ಹೋಗಿದೆ. ಪ್ರವಾಸಿಯಾಗಿ ಅವನು ಸೋತದ್ದು ಇಲ್ಲಿ. 1565ರಲ್ಲಿ ವಿಜಯನಗರ ಬಿದ್ದ ನಂತರ ಆ ಅರಮನೆ ಉಳಿಯಲಿಲ್ಲ. ಹಾಗಾಗಿ ಅವನ ಉದಾಸೀನಕ್ಕೆ ನಾವು ತೆತ್ತ ಬೆಲೆ ದೊಡ್ಡದು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಟೊಪ್ಪಿಗೆಯ ಪರದೇಶಿಗಳು ಇಂದಿಗೂ ಕಾಣುತ್ತಾರೆ, ಬಣ್ಣದಲ್ಲಿದ್ದವರು ಹೋದರು.

ಚಿತ್ರ ಬರೆದವರು ಯಾರೆಂದು ಅವನು ಕೇಳಲೂ ಇಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಇಂದಿಗೂ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಹದಮಾಡಿ, ಗರುಡನಿಗೆ, ಗೌರಿಗೆ ಬಣ್ಣ ಹಾಕುತ್ತವೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಿತ್ರಗಳು ತಮ್ಮ ಹಿರಿಯರ ಕೈಕೆಲಸ ಎಂಬುದು ಅವರ ಪರಂಪರೆಯ ಮಾತು. ಆ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಇರಲಿ. ಆದರೆ ಕಾಲನಿರ್ಣಯದ ನೆಪದಲ್ಲಿ ಇಡೀ ಮಾತನ್ನೇ ಐತಿಹ್ಯವೆಂದು ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ರಾಯನ ಬಳಿ ಸದಾ ಹತ್ತು ಲಕ್ಷ ಸೈನ್ಯವಿತ್ತೆಂದು ಪಾಯಸ್ ಬರೆದರೆ ಅದು ಇವರಿಗೆ ಆಧಾರ. ಅವನೇನು ಎಣಿಸಿದ್ದನೇ? ಅದೂ ಯಾರೋ ಹೇಳಿ ಇವನು ಕೇಳಿದ್ದೇ. ಕಾಗದಕ್ಕೆ ಇಳಿದ ಕೇಳಿಕೆಗೆ ಒಂದು ನ್ಯಾಯ, ಮನೆತನದಲ್ಲಿ ಉಳಿದ ಕೇಳಿಕೆಗೆ ಇನ್ನೊಂದು ನ್ಯಾಯ ಎಂದರೆ ಅದು ಸಂಶೋಧನೆಯಲ್ಲ. ಎರಡನ್ನೂ ಒಂದೇ ಅನುಮಾನದಿಂದ ಪರೀಕ್ಷಿಸಲಿ. ಯುರೋಪಿನವರು ಬರೆದದ್ದೆಲ್ಲ ವಸಾಹತುಶಾಹಿಯ ಕಣ್ಣು ಎಂದು ಪುಸ್ತಕ ಮುಚ್ಚುವವರದ್ದೂ ಸೋಮಾರಿತನವೇ. ಮುಚ್ಚಿದರೆ ಆ ಗೋಡೆಯೂ ನಮಗೆ ಸಿಗುವುದಿಲ್ಲ.

ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಮೂಲಕ ಇಂಥ ಬರಹಗಳನ್ನು ಕನ್ನಡದ ಓದುಗರ ಕೈಗಿಟ್ಟರು. ಆರಿಸಿ ಓದುವ ಕೆಲಸ ನಮ್ಮದು. ಮುಂದೆ ಪಠ್ಯಪುಸ್ತಕಕ್ಕೆ ಪಾಯಸ್‌ನನ್ನು ಆರಿಸುವವರು ರತ್ನದ ಬೀದಿಯನ್ನು ಬಿಟ್ಟು ಆನೆಗೊಂದಿಯ ಹರಿಗೋಲನ್ನೂ ಅರಮನೆಯ ಗೋಡೆಯನ್ನೂ ಆರಿಸಲಿ. ಕೊಪ್ಪಳ ಜಿಲ್ಲೆಯ ಮಕ್ಕಳಿಗಂತೂ ಇವೆರಡೇ ಮೊದಲು ಸಿಗಬೇಕು.