ಬೋರ್ಡ್ ಪಂಚಕ: ಒಂದು ಪದಶಃ ವ್ಯಾಖ್ಯಾನ

ಮೂಲ: ‘ದ ಬೋರ್ಡ್ ಬೋರ್ಡೆಡ್ ದ ಶಿಪ್, ಬೋರ್ಡ್ ವಾಸ್ ಫ್ರೀ, ದ ಮೆನು ವಾಸ್ ಆನ್ ದ ಬೋರ್ಡ್, ಆಲ್ ವಾಸ್ ಅಬವ್ ಬೋರ್ಡ್.’

ಇಂಗ್ಲಿಷ್ ಕಲಿಯುವವರಿಗಾಗಿಯೇ ಹೆಣೆದ ವಾಕ್ಯವಿದು. ಬೋರ್ಡ್ ಎಂಬ ಶಬ್ದ ಇದರಲ್ಲಿ ಐದು ಸಲ ಬಂದಿದೆ, ಐದು ಕಡೆಯೂ ಅರ್ಥ ಬೇರೆ. ಅನ್ವಯ ಹೀಗೆ: ಮಂಡಳಿಯವರು ಹಡಗು ಹತ್ತಿದರು, ಊಟ ಪುಕ್ಕಟೆ, ತಿನಿಸುಗಳ ಪಟ್ಟಿ ಹಲಗೆಯ ಮೇಲಿತ್ತು, ಎಲ್ಲವೂ ಮುಚ್ಚುಮರೆಯಿಲ್ಲದೆ ನಡೆಯಿತು.

ನಾನಾರ್ಥವು, ಎಂದರೆ ಒಂದು ಶಬ್ದಕ್ಕೆ ಹಲವು ಅರ್ಥವಿರುವಿಕೆಯು, ಎರಡು ಬಗೆಯದು. ಹುಟ್ಟಿನಲ್ಲಿ ಸಂಬಂಧವಿಲ್ಲದ ಎರಡು ಶಬ್ದಗಳು ಕಾಲಾಂತರದಲ್ಲಿ ಒಂದೇ ಉಚ್ಚಾರಕ್ಕೆ ಬಂದು ನಿಲ್ಲುವುದು ಮೊದಲನೆಯ ಬಗೆ. ಇಂಗ್ಲಿಷಿನಲ್ಲಿ ಆಟದ ದಾಂಡೂ ಬ್ಯಾಟ್, ಹಾರುವ ಬಾವಲಿಯೂ ಬ್ಯಾಟ್. ಕನ್ನಡದಲ್ಲಿ ಸಂಖ್ಯೆಯಾದ ‘ಹತ್ತು’ ಎಂಬುದಕ್ಕೂ ಏರುವ ‘ಹತ್ತು’ ಎಂಬುದಕ್ಕೂ ನಂಟಿಲ್ಲ. ಒಂದೇ ಶಬ್ದವು ತನ್ನ ಅರ್ಥದಿಂದ ಪಕ್ಕದ ಅರ್ಥಕ್ಕೆ ಸರಿಯುತ್ತ ಕವಲೊಡೆಯುವುದು ಎರಡನೆಯ ಬಗೆ. ಮೊದಲನೆಯದನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. ಎರಡನೆಯದರಲ್ಲಿ ಅರ್ಥ ಸರಿದ ಜಾಡು ಹಿಡಿಯಬಹುದು. ಬೋರ್ಡ್ ಬಹುಮಟ್ಟಿಗೆ ಈ ಎರಡನೆಯ ವರ್ಗದ್ದು. ‘ಬಹುಮಟ್ಟಿಗೆ’ ಎಂದದ್ದೇಕೆಂಬುದು ಮುಂದೆ ತಿಳಿಯುತ್ತದೆ.

‘ಆನ್ ದ ಬೋರ್ಡ್’: ಸರದಿಯಲ್ಲಿ ನಾಲ್ಕನೆಯದಾದರೂ ಇದನ್ನೇ ಮೊದಲು ವಿವರಿಸತಕ್ಕದ್ದು, ಪದವು ಮುಖ್ಯಾರ್ಥದಲ್ಲಿರುವುದು ಇಲ್ಲಿ ಮಾತ್ರವಾದುದರಿಂದ. ಮುಖ್ಯಾರ್ಥವೆಂದರೆ ಶಬ್ದವು ನೇರವಾಗಿ ಹೇಳುವ ಅರ್ಥ. ಅದು ಹಲಗೆ, ಕೊಯ್ದು ಚಪ್ಪಟೆ ಮಾಡಿದ ಮರ. ಹಳೆಯ ಇಂಗ್ಲಿಷಿನ ಕಾವ್ಯಗಳಲ್ಲಿ ಗುರಾಣಿಗೂ ಇದೇ ಹೆಸರು, ಗುರಾಣಿ ಮರದ್ದಾಗಿದ್ದರಿಂದ. ಕತ್ತಿ ಹಲಗೆ ಹಿಡಿದ ವೀರರನ್ನು ಬಲ್ಲ ಕನ್ನಡಿಗರಿಗೆ ಇದು ಸೋಜಿಗವಲ್ಲ. ನಮ್ಮ ಹಲಗೆಯೂ ಇದೇ ದಾರಿಯಲ್ಲಿ ಯುದ್ಧಕ್ಕೆ ಹೋಗಿಬಂದಿದೆ. ಶಾಲೆಯ ಕರಿಹಲಗೆ, ಅಂಗಡಿಯ ನಾಮಫಲಕ, ಬಸ್ಸಿನ ನೆತ್ತಿಯ ಊರ ಹೆಸರು, ಕೇರಂ ಬೋರ್ಡು ಇವೆಲ್ಲ ಈ ಅರ್ಥದ ಮಕ್ಕಳು. ಕಾರಿನ ಡ್ಯಾಶ್‌ಬೋರ್ಡ್ ಕೂಡ ಇಲ್ಲಿಯದೇ. ಕುದುರೆಯ ಗೊರಸು ಎರಚುವ ಕೆಸರು ಸವಾರರಿಗೆ ಸಿಡಿಯದಂತೆ ಗಾಡಿಯ ಮುಂಭಾಗಕ್ಕೆ ಹೊಡೆದ ಅಡ್ಡಹಲಗೆ ಅದು. ಕುದುರೆ ಹೋಯಿತು, ಕೆಸರು ಹೋಯಿತು, ಹೆಸರು ಉಳಿಯಿತು.

‘ದ ಬೋರ್ಡ್’: ವಾಕ್ಯದ ಮೊದಲ ಪದ, ಕರ್ತೃ. ಹಲಗೆಯು ಹಡಗು ಹತ್ತುವುದೆಂತು ಎಂಬ ಶಂಕೆ ಇಲ್ಲಿ ಏಳುತ್ತದೆ. ಹೀಗೆ ಮುಖ್ಯಾರ್ಥವು ಹೊಂದದೆಹೋಗುವುದಕ್ಕೆ ಆಲಂಕಾರಿಕರು ಮುಖ್ಯಾರ್ಥಬಾಧೆ ಎನ್ನುವರು. ಆಗ ಅದಕ್ಕೆ ಸಂಬಂಧಿಸಿದ ಮತ್ತೊಂದು ಅರ್ಥವನ್ನು ಹಿಡಿಯುವುದು ಲಕ್ಷಣೆ. ‘ಮಂಚಗಳು ಕೂಗುತ್ತಿವೆ’ ಎಂಬುದು ಶಾಸ್ತ್ರದ ಹಳೆಯ ಉದಾಹರಣೆ: ಕೂಗುವುದು ಮಂಚವಲ್ಲ, ಅದರ ಮೇಲಿರುವ ಜನ. ಬೋರ್ಡಿನ ನಡೆಯೂ ಅಂಥದೇ, ಮೆಟ್ಟಿಲು ಮಾತ್ರ ಒಂದು ಹೆಚ್ಚು. ಹಲಗೆಯು ಮೇಜಾಯಿತು, ಮೇಜು ಅದರ ಸುತ್ತ ಕುಳಿತು ಆಲೋಚಿಸುವವರಾಯಿತು. ಕನ್ನಡದ ಮಂಡಳಿಯು ಜನ ಕುಳಿತ ವೃತ್ತವನ್ನು ಹೆಸರಿಸಿತು. ಇಂಗ್ಲಿಷು ವೃತ್ತದ ನಡುವಿನ ಮರದ ಸಾಮಾನನ್ನು ಹೆಸರಿಸಿತು.

ಈ ಅರ್ಥವು ಕನ್ನಡನಾಡಿಗೆ ಬಂದದ್ದರಲ್ಲಿ ಕಂದಾಯದ ಕೈಯೂ ಉಂಟು. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು 1784ರ ಶಾಸನವು ಲಂಡನ್ನಿನಲ್ಲಿ ಬೋರ್ಡ್ ಆಫ್ ಕಂಟ್ರೋಲನ್ನು ನೇಮಿಸಿತು. 1786ರಲ್ಲಿ ಮದರಾಸಿನಲ್ಲಿ ಬೋರ್ಡ್ ಆಫ್ ರೆವಿನ್ಯೂ ಏರ್ಪಟ್ಟಿತು. 1799ರಲ್ಲಿ ಕೆನರಾ, 1800ರಲ್ಲಿ ಬಳ್ಳಾರಿ ಸೀಮೆ ಕಂಪನಿಯ ವಶವಾದಾಗ ಅಲ್ಲಿಯ ರೈತನ ಕಂದಾಯದ ಲೆಕ್ಕ ಈ ಬೋರ್ಡಿನ ಮುಂದೆ ಹೋಯಿತು. ಸ್ವಾತಂತ್ರ್ಯಾನಂತರವೂ ಪದ ಕದಲಲಿಲ್ಲ: 1959ರ ಮೈಸೂರು ಕಾಯಿದೆಯಂತೆ ಹುಟ್ಟಿದ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಜನರ ಬಾಯಲ್ಲಿ ತಾಲ್ಲೂಕು ಬೋರ್ಡುಗಳೇ ಆದವು.

‘ಬೋರ್ಡೆಡ್’: ಕ್ರಿಯಾಪದ, ಕೊನೆಯ ‘ಎಡ್’ ಭೂತಕಾಲದ ಗುರುತು. ಹತ್ತಿದರು ಎಂದು ಅರ್ಥ. ಇಲ್ಲಿ ಬೋರ್ಡ್ ಎಂದರೆ ಹಡಗಿನ ಮಗ್ಗುಲು, ಪಾರ್ಶ್ವ. ಹಲಗೆಯ ಬೋರ್ಡೂ ಮಗ್ಗುಲಿನ ಬೋರ್ಡೂ ಮೂಲದಲ್ಲಿ ಬೇರೆ ಬೇರೆ ಶಬ್ದಗಳಾಗಿದ್ದು ಬಹು ಹಿಂದೆಯೇ ಬೆರೆತುಹೋದವು ಎಂಬುದು ನಿಘಂಟುಕಾರರ ಪಕ್ಷ. ಮೇಲೆ ‘ಬಹುಮಟ್ಟಿಗೆ’ ಎಂದದ್ದು ಇದಕ್ಕೇ. ಹಡಗಿನ ಮಗ್ಗುಲು ಹಲಗೆಗಳಿಂದಲೇ ಕಟ್ಟಿದ್ದಾದ್ದರಿಂದ ಬೆರಕೆ ಸಲೀಸಾಯಿತು. ಹಡಗಿನ ಬಲಮಗ್ಗುಲಿಗೆ ಸ್ಟಾರ್‌ಬೋರ್ಡ್ ಎಂಬ ಹೆಸರಿದೆ. ಅದರಲ್ಲಿರುವುದು ನಕ್ಷತ್ರವಲ್ಲ, ಹಡಗನ್ನು ತಿರುಗಿಸುವ ಹುಟ್ಟು. ಹಿಂದೆ ಆ ಹುಟ್ಟು ಬಲಗಡೆಗೆ ಇರುತ್ತಿತ್ತು. ಎಡಮಗ್ಗುಲು ಲಾರ್‌ಬೋರ್ಡ್. ಬಿರುಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಎಂಬಂತೆ ಕೇಳುವುದರಿಂದ ಬ್ರಿಟಿಷ್ ನೌಕಾಪಡೆ 1844ರಲ್ಲಿ ಎಡಕ್ಕೆ ಪೋರ್ಟ್ ಎಂದೇ ಹೇಳಬೇಕೆಂದು ಆಜ್ಞೆ ಹೊರಡಿಸಿತು. ಹಡಗಿನ ಮಗ್ಗುಲಿಗೆ ಬಂದು ಏರುವುದು, ಶತ್ರುವಿನದಾದರೆ ನುಗ್ಗುವುದು, ಈ ಕ್ರಿಯೆಯ ಹಳೆಯ ಅರ್ಥ. ಈಗ ರೈಲು, ಬಸ್ಸು, ವಿಮಾನಗಳಿಗೂ ಸಲ್ಲುತ್ತದೆ. ಸ್ವಂತ ಕಾರಿಗೆ ಸಲ್ಲದು. ಬಸ್ಸಿನ ಬೋರ್ಡು ನೋಡಿ ಬಸ್ಸನ್ನು ಬೋರ್ಡ್ ಮಾಡುವವರು ಎರಡು ಅರ್ಥಗಳನ್ನು ಒಂದೇ ಉಸಿರಿನಲ್ಲಿ ಬಳಸುತ್ತಾರೆ.

‘ಬೋರ್ಡ್ ವಾಸ್ ಫ್ರೀ’: ಇಲ್ಲಿ ಬೋರ್ಡ್ ಎಂದರೆ ದಿನನಿತ್ಯದ ಊಟ. ಹಲಗೆ ಮೇಜಾಗಿ, ಮೇಜು ಅದರ ಮೇಲೆ ಬಡಿಸಿದ್ದಾಯಿತು. ಬಸ್ ನಿಲ್ದಾಣದ ಎದುರಿನ ಹೋಟೆಲುಗಳ ಮೇಲಿನ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದರೆ ಊಟ ಮತ್ತು ವಸತಿ. ವಿಮಾನ ನಿಲ್ದಾಣದ ಬೋರ್ಡಿಂಗ್ ಪಾಸಿನಿಂದ ಊಟ ಸಿಗಲಾರದು. ಶಾಸ್ತ್ರದ ಮತ್ತೊಂದು ಉದಾಹರಣೆಯೂ ಹೀಗೆಯೇ: ‘ಸೈಂಧವ ತಾ’ ಎಂದರೆ ಊಟದ ಹೊತ್ತಿನಲ್ಲಿ ಉಪ್ಪು, ಪಯಣದ ಹೊತ್ತಿನಲ್ಲಿ ಕುದುರೆ. ಇದು ಪ್ರಕರಣ, ಎಂದರೆ ಸಂದರ್ಭ, ಅರ್ಥವನ್ನು ನಿಶ್ಚಯಿಸುವ ರೀತಿ. ಇಂಗ್ಲಿಷಿನಲ್ಲಿ ಸಂದರ್ಭದ ಜೊತೆಗೆ ಮತ್ತೊಂದು ಸಣ್ಣ ಗುರುತೂ ಉಂಟು, ಹಿಂದಿನ ‘ಎ’ ಅಥವಾ ‘ದ’. ಊಟದ ಬೋರ್ಡಿಗೆ ಸಾಮಾನ್ಯವಾಗಿ ಇವೆರಡೂ ಬೇಡ, ಬಹುವಚನವೂ ಇಲ್ಲ. ‘ಆನ್ ಬೋರ್ಡ್’ ಎಂದರೆ ಹಡಗಿನಲ್ಲೋ ವಿಮಾನದಲ್ಲೋ ಇರುವವರು. ‘ಆನ್ ದ ಬೋರ್ಡ್’ ಎಂದರೆ ಮಂಡಳಿಯ ಸದಸ್ಯರು, ಇಲ್ಲವೇ ಹಲಗೆಯ ಮೇಲೆ ಬರೆದದ್ದು. ಪಾಠ ಹೇಳುವವರು ಇದರ ಮೇಲೆ ಎಷ್ಟು ಹೊತ್ತು ನಿಂತರೂ ಹೆಚ್ಚಲ್ಲ.

‘ಅಬವ್ ಬೋರ್ಡ್’: ಅಕ್ಷರಶಃ ಮೇಜಿನ ಮೇಲೆ, ಭಾವಾರ್ಥ, ಮುಚ್ಚುಮರೆಯಿಲ್ಲದ, ಪ್ರಾಮಾಣಿಕ. ಕೈಯನ್ನು ಮೇಜಿನ ಕೆಳಗಿಟ್ಟ ಜೂಜುಗಾರ ಎಲೆ ಬದಲಾಯಿಸುತ್ತಿರುತ್ತಾನೆ, ಮೇಲಿಟ್ಟವನನ್ನು ನಂಬಬಹುದು. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಮಾತು ಜೂಜುಗಾರರಿಂದ ಬಂದದ್ದೆಂದೇ ವಿವರಿಸಿದ್ದಾನೆ. ಮೇಜೆಂಬ ಅರ್ಥದಲ್ಲಿ ಬೋರ್ಡನ್ನು ಇಂದು ಬಿಡಿಯಾಗಿ ಬಳಸುವವರು ವಿರಳ. ಇಂಥ ನುಡಿಗಟ್ಟುಗಳಲ್ಲಿ ಅದು ಉಳಿದುಕೊಂಡಿದೆ. ಇಲ್ಲಿಯೂ ನಡುವೆ ‘ದ’ ಸೇರಿಸಬಾರದು. ‘ಅಬವ್ ದ ಬೋರ್ಡ್’ ಎಂಬುದು ತರಗತಿಯ ಕರಿಹಲಗೆಯ ಮೇಲ್ಗಡೆ ಮೊಳೆ ಹೊಡೆದು ನೇತುಹಾಕಿದ ಗಡಿಯಾರಕ್ಕೋ ಗಾಂಧೀಜಿಯ ಪಟಕ್ಕೋ ಸಲ್ಲುವ ಮಾತು.